ವೆಂಕಟಕೃಷ್ಣ ಭಟ್ಟರ ಸೀಮೆ ನವಿಲುಗಳು

ದೊರೆಗಳು ದೇಶ ಬಿಟ್ಟು ಹೋದದ್ದರಿಂದ ನಮಗೆ ಸ್ವಾತಂತ್ರ್ಯ ಬಂತೆಂಬುದು ಲೋಕದ ಅಭಿಪ್ರಾಯ. ಕಾಸರಗೋಡಿನ ವೆಂಕಟಕೃಷ್ಣ ಭಟ್ಟರ ಅಭಿಪ್ರಾಯ ಬೇರೆ. ಒಬ್ಬ ದೊರೆ ಹೊರಟುಹೋದದ್ದರಿಂದಲೇ ತನ್ನ ಸ್ವಾತಂತ್ರ್ಯ ಹೋಯಿತೆಂದು ಅವರು ವಾದಿಸುತ್ತಿದ್ದರು. ಈ ವಾದಕ್ಕೆ ಅವರಲ್ಲಿ ಐದು ಸಾಕ್ಷಿಗಳಿದ್ದವು. ಐದಕ್ಕೂ ರೆಕ್ಕೆಗಳಿದ್ದವು.

ಭಟ್ಟರು ಮುನ್ಸೀಫ್ ಕೋರ್ಟಿನ ವಕೀಲರೊಬ್ಬರ ಗುಮಾಸ್ತರು. ವರ್ಷಗಟ್ಟಲೆ ಕಕ್ಷಿ ಮತ್ತು ಸಾಕ್ಷಿಗಳ ನಡುವೆ ಬಾಳಿದ ಮನುಷ್ಯನಿಗೆ ಪಕ್ಷಿಗಳ ಪರಿಚಯ ಇರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಹುದ್ದೆಯಲ್ಲಿ ಗುಮಾಸ್ತರಾದರೂ ನಾಲಿಗೆಗೆ ಮಾತ್ರ ಅವರು ಎಂದೋ ಕರಿಕೋಟು ತೊಡಿಸಿಬಿಟ್ಟಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೆ, ಇದಕ್ಕೆ ನನ್ನ ತಕರಾರು ಉಂಟು ಎನ್ನುವರು. ಹೆಂಡತಿ ಸುಬ್ಬಲಕ್ಷ್ಮಿ ಉಪ್ಪನ್ನು ತಂದು ಎಲೆಯ ಕೊನೆಗೆ ಬಡಿಸಿದರೆ, ರಾಜಿಯಾಯಿತು ಎಂದು ಊಟ ಮುಂದುವರಿಸುವರು. ಇಂಥ ರಾಜಿಗಳ ಮೇಲೆಯೇ ಆ ಸಂಸಾರ ನಿಂತಿತ್ತು.

ಸಮುದ್ರದ ಬದಿಯ ಬಂಗಲೆಯಲ್ಲಿದ್ದ ರೈಲ್ವೆಯ ಇಂಜಿನಿಯರ್ ದೊರೆ ತನ್ನ ಊರಿಗೆ ಹೊರಟಾಗ ಅವನ ಸಾಮಾನುಗಳನ್ನು ಏಲಂ ಹಾಕಿದರು. ಪೇಟೆಯ ಗಣ್ಯರೆಲ್ಲ ಹೋಗಿ ಒಂದೊಂದು ತಂದರು. ಭಟ್ಟರ ವಕೀಲರಿಗೆ ಆರಾಮಕುರ್ಚಿ ದಕ್ಕಿತು. ಕೋರ್ಟಿನ ಜವಾನನಿಗೆ ದೊರೆಯ ಟೊಪ್ಪಿ ದಕ್ಕಿ, ಅವನು ಅದನ್ನು ಇಟ್ಟುಕೊಂಡು ಒಳಗೆ ಬಂದಾಗ ಮುನ್ಸೀಫರು ಅರ್ಧ ಎದ್ದು, ಮುಖ ನೋಡಿ ಮತ್ತೆ ಕೂತರಂತೆ. ಭಟ್ಟರಿಗೆ ಆ ದಿನ ಕೆಲಸ ಮುಗಿಯುವಾಗ ಹೊತ್ತಾಗಿತ್ತು. ಅವರು ಓಡೋಡಿ ಬಂಗಲೆಗೆ ತಲುಪಿದಾಗ ಉಳಿದದ್ದು ನಾಲ್ಕು ಗೋಡೆ, ಒಬ್ಬ ಬಟ್ಲರ್, ಹಿತ್ತಿಲಲ್ಲಿ ಬುಟ್ಟಿಯ ಅಡಿಯಲ್ಲಿ ಐದು ಗಿನಿಕೋಳಿಗಳು. ಇವು ನಾಯಿಗಿಂತ ಚೆನ್ನಾಗಿ ಮನೆ ಕಾಯುತ್ತವೆ, ಇವು ಇದ್ದಲ್ಲಿ ಹಾವು ಸುಳಿಯುವುದಿಲ್ಲ, ಇವುಗಳ ಸ್ವರ ಕೇಳದೆ ದೊರೆ ಒಂದು ದಿನವೂ ನಿದ್ದೆ ಮಾಡಿದ್ದಿಲ್ಲ ಎಂದು ಬಟ್ಲರ್ ಕೊಂಡಾಡಿದ. ಕೇಳಿಯೂ ನಿದ್ದೆ ಮಾಡಿದ್ದಿಲ್ಲ ಎಂಬ ಉಳಿದರ್ಧವನ್ನು ಅವನು ಹೇಳಲಿಲ್ಲ. ಊರಿಗೆ ಊರೇ ದೊರೆಯ ಮನೆಯಿಂದ ಏನಾದರೊಂದು ತಂದಿರುವಾಗ ತಾನು ಬರಿಗೈಯಲ್ಲಿ ಮರಳುವುದೆಂದರೆ ಗುಮಾಸ್ತಿಕೆಗೇ ಕುಂದು. ಭಟ್ಟರು ಬುಟ್ಟಿ ಹೊತ್ತರು.

ದಾರಿಯಲ್ಲಿ ಅವರು ಬುಟ್ಟಿಯ ಸಂದಿಯಿಂದ ತಮ್ಮ ಆಸ್ತಿಯನ್ನು ನೋಡಿಕೊಂಡರು. ಬೂದಿಬಣ್ಣದ ಮೈ, ಅದರ ತುಂಬ ಯಾರೋ ವೀಳ್ಯಕ್ಕೆ ಹಚ್ಚಿ ಉಳಿದ ಸುಣ್ಣ ಕೊಡಹಿದ ಹಾಗೆ ಬಿಳಿಚುಕ್ಕೆ, ಬೋಳುತಲೆ, ತಲೆಯ ನಡುವೆ ಮುರುಟಿದ ಒಂದು ಕೊಂಬು. ಗೂನುಬೆನ್ನಿನಿಂದ ಕತ್ತು ಮುಂದೆ ಚಾಚಿದ ಆ ಭಂಗಿ ಅವರಿಗೆ ಎಲ್ಲೋ ಕಂಡದ್ದೆನಿಸಿತು. ಮುನ್ಸೀಫರ ಗಾಡಿ ಬಂತೆಂದಾಗ ಬಾರ್ ರೂಮಿನಿಂದ ಹೊರಡುವ ವಕೀಲರ ಗುಂಪು ಹೀಗೆಯೇ ಕಾಣುತ್ತಿತ್ತು.

ಬಾಗಿಲಲ್ಲಿ ಸುಬ್ಬಲಕ್ಷ್ಮಿ ಕೇಳಿದಳು, "ಇದು ಎಂತ?"

"ದೊರೆಯ ಬಂಗಲೆಯದ್ದು. ಗಿನಿ..." ಎಂದು ಭಟ್ಟರು ಅಲ್ಲಿಗೇ ನಿಂತರು.

ಉಳಿದ ಪದ ಆ ಮಾಡಿನ ಅಡಿಯಲ್ಲಿ ಉಚ್ಚರಿಸುವಂಥದ್ದಲ್ಲ. ಏಳು ತಲೆಮಾರಿನಿಂದ ಆ ಮನೆತನದ ಅಂಗಳಕ್ಕೆ ನೆರೆಮನೆಯ ಕೋಳಿ ದಾಟಿದರೆ ಸೆಗಣಿನೀರು ಹಾಕುವ ಪದ್ಧತಿ. ಈಗ ಮನೆಯ ಯಜಮಾನನೇ ಐದನ್ನು ತಲೆಯ ಮೇಲೆ ಹೊತ್ತು ನಿಂತಿದ್ದಾನೆ. ದಾರಿಯುದ್ದಕ್ಕೂ ಹೊಳೆಯದ ಈ ವಿಚಾರ ಹೊಸ್ತಿಲಲ್ಲಿ ಹೊಳೆಯಿತು. ವಕೀಲರ ಗುಮಾಸ್ತರು ಮಾತ್ರ ಹೊಸ್ತಿಲಲ್ಲಿಯೇ ದಾರಿ ಕಂಡುಕೊಳ್ಳಬಲ್ಲರು.

"ಸೀಮೆ ನವಿಲು," ಎಂದರು.

ಸೀಮೆಯಿಂದ ಎಣ್ಣೆ ಬಂದಿದೆ, ಸುಣ್ಣ ಬಂದಿದೆ, ಹಸು ಬಂದಿದೆ, ನವಿಲು ಯಾಕೆ ಬರಬಾರದು ಎಂದು ಅವರು ಹೆಂಡತಿಗೆ ವಿವರಿಸಿದರು. ನವಿಲಿಗೆ ಬಾಲ ಎಲ್ಲಿ ಎಂದು ಅವಳು ಕೇಳಿದಳು. ಅಲ್ಲಿ ಚಳಿ ಹೆಚ್ಚಾದ್ದರಿಂದ ಬಾಲ ಬೆಳೆಯುವುದಿಲ್ಲವೆಂದು ಉತ್ತರ ಬಂತು. ಚಳಿಯ ದೇಶದ ಹಕ್ಕಿಯ ತಲೆ ಯಾಕೆ ಬೋಳು ಎಂದು ಮತ್ತೆ ಕೇಳಿದಳು. ಈ ಪ್ರಶ್ನೆ ಅಪ್ರಸ್ತುತವೆಂದು ಭಟ್ಟರು ತಳ್ಳಿಹಾಕಿದರು.

ಮರುದಿನದಿಂದ ಸೀಮೆ ನವಿಲುಗಳು ಕೆಲಸಕ್ಕೆ ಹಾಜರಾದವು. ಕಟ್ಟಿಸಿದ ಗೂಡನ್ನು ಕಣ್ಣೆತ್ತಿಯೂ ನೋಡದೆ ಹಲಸಿನ ಮರದ ಮೇಲೆ ವಾಸ್ತವ್ಯ ಹೂಡಿದವು. ಅವುಗಳ ಸ್ವರವನ್ನು ಅಕ್ಷರದಲ್ಲಿ ಬರೆಯುವುದು ಕಷ್ಟ. ತುಕ್ಕು ಹಿಡಿದ ರಾಟೆಯಲ್ಲಿ ಖಾಲಿ ಕೊಡಪಾನವನ್ನು ಬಾವಿಗೆ ಬಿಟ್ಟು, ಅದು ಗೋಡೆಗೆ ಬಡಿಯುತ್ತಾ ಹೋಗುವಾಗ ಮೇಲಿನಿಂದ ಒಬ್ಬ ಮುದುಕ ಕೆಮ್ಮಿದರೆ ಸುಮಾರಾಗಿ ಆ ಸ್ವರ. ಐದೂ ಸೇರಿದರೆ ಐದು ಬಾವಿ, ಐದು ಮುದುಕರು. ಯಾರು ಗೇಟಿಗೆ ಬಂದರೂ ಈ ಸ್ವರ, ಯಾರು ಹೋದರೂ ಈ ಸ್ವರ, ಯಾರೂ ಬರದಿದ್ದರೆ ಯಾಕೆ ಬರಲಿಲ್ಲವೆಂದು ಈ ಸ್ವರ. ಅಂಚೆಯವನು ಕಾಗದಗಳನ್ನು ರಸ್ತೆಯಿಂದಲೇ ಎಸೆಯತೊಡಗಿದ. ಗಸ್ತಿನ ಪೊಲೀಸಿನವನು ಎರಡು ಸಲ ಕಳ್ಳರೆಂದು ಓಡಿಬಂದು, ಮೂರನೆಯ ಸಲ, ನಿಮ್ಮ ಮನೆಗೆ ನಿಜವಾಗಿ ಕಳ್ಳ ಬಂದರೂ ಇನ್ನು ಮೇಲೆ ನಾನು ಬರುವುದಿಲ್ಲವೆಂದು ತಿಳಿಸಿ ಹೋದ. ಬೆಳಿಗ್ಗೆ ವ್ಯಾಜ್ಯದ ಮಾತಿಗೆ ಬರುತ್ತಿದ್ದ ಕಕ್ಷಿಗಾರರು ಗೇಟಿನ ಹೊರಗೆ ಪರಸ್ಪರ ರಾಜಿ ಮಾಡಿಕೊಂಡು ಮರಳುವ ಮಟ್ಟಕ್ಕೆ ಬಂದರು. ಇದರಿಂದ ಕೋರ್ಟಿಗೆ ಒಳ್ಳೆಯದಾಗಿರಬಹುದು, ಭಟ್ಟರಿಗಂತೂ ಆಗಲಿಲ್ಲ.

ಸಂತೋಷಪಟ್ಟವನು ಒಬ್ಬನೇ, ಪಾಗಾರದ ಗೋಡೆಯ ಆಚೆಯ ವಾಸಪ್ಪ. ವಾಸಪ್ಪ ಹೆಸರಿಗೆ ದರ್ಜಿ. ಅವನ ನಿಜವಾದ ವಿದ್ಯೆ ಕೋಳಿಅಂಕದ್ದು. ಯಾವ ವಾರ, ಯಾವ ನಕ್ಷತ್ರದಲ್ಲಿ, ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳುವ ಕೋಳಿ ಪಂಚಾಂಗ ಅವನಿಗೆ ಬಾಯಿಪಾಠ. ಪಂಚಾಂಗದ ಪ್ರಕಾರ ಸೋಲಲೇಬಾರದಿದ್ದ ಅವನ ಹುಂಜಗಳು ಪ್ರತಿವರ್ಷ ಸೋಲುತ್ತಿದ್ದವು. ಅದು ಹುಂಜಗಳ ಅವಿದ್ಯೆ. ಅವನು ಪಾಗಾರಕ್ಕೆ ಮೊಣಕೈ ಊರಿ ಭಟ್ಟರನ್ನು ಹೊಸ ಅಳಿಯನನ್ನು ನೋಡುವಂತೆ ನೋಡಿದ. ಅವನ ತುಳು ನಾಲಿಗೆಯಲ್ಲಿ ಕೋಳಿ ಕೋರಿಯಾಗುತ್ತಿತ್ತು.

"ನೀವೂ ಕೋರಿ ಸಾಕ್ಲಿಕ್ಕೆ ಸುರು ಮಾಡಿದ್ದು ಒಳ್ಳೇದಾಯ್ತು ಭಟ್ರೇ. ನನಗೂ ಮಾತಾಡ್ಲಿಕ್ಕೆ ಒಂದು ಜನ ಬೇಕಿತ್ತು."

"ಕೋರಿ ಅಲ್ಲ ಮಾರಾಯ. ನವಿಲು. ಸೀಮೆಯದ್ದು."

"ಆಯ್ತು, ನಾನು ಯಾರಿಗೂ ಹೇಳುದಿಲ್ಲ," ಎಂದು ವಾಸಪ್ಪ ಕಣ್ಣು ಮಿಟುಕಿಸಿದ. ಆ ದಿನ ಅವನ ಅಂಗಡಿಗೆ ಅಂಗಿಯ ಅಳತೆ ಕೊಡಲು ಬಂದವರೆಲ್ಲರಿಗೂ ಅವನು ಯಾರಿಗೂ ಹೇಳದ ವಿಷಯ ಗೊತ್ತಾಯಿತು.

ವಾರ ಎರಡು ಕಳೆಯುವಾಗ ಭಟ್ಟರಿಗೆ ಸಾಕಾಗಿತ್ತು. ಇವನ್ನು ಹೊತ್ತುಕೊಂಡು ಹೋಗು, ಆಮೇಲೆ ಎಂತ ಮಾಡುತ್ತೀ ಎಂದು ನಾನು ಕೇಳುವುದಿಲ್ಲ, ನೀನೂ ಹೇಳಬೇಡ ಎಂದು ಅವರು ವಾಸಪ್ಪನಿಗೆ ಹೇಳಿಯೂ ಆಗಿತ್ತು. ಅಡ್ಡ ಬಂದವರು ಅಮ್ಮ.

ಭಟ್ಟರ ಅಮ್ಮ ಅಮ್ಮಣಿಯಮ್ಮನವರಿಗೆ ಕಿವಿ ಪೂರ್ತಿ ಹೋಗಿ ಬಹಳ ವರ್ಷಗಳಾಗಿದ್ದವು. ಸುಬ್ಬಲಕ್ಷ್ಮಿ ಊಟಕ್ಕೆ ಕರೆಯಬೇಕಾದರೆ ಹತ್ತಿರ ಹೋಗಿ ಭುಜ ಮುಟ್ಟಬೇಕು. ಅಂಥವರು ಒಂದು ಬೆಳಿಗ್ಗೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದಾಗ ಮರದ ಮೇಲಿನ ಐವರೂ ಏಕಕಂಠದಲ್ಲಿ ಕೂಗಿದರು. ಅಮ್ಮಣಿಯಮ್ಮ ತಲೆಯೆತ್ತಿ, "ಯಾರು ಕರೆದದ್ದು?" ಎಂದರು. ಸುಬ್ಬಲಕ್ಷ್ಮಿಯ ಕೈಯ ಸೌಟು ಬಿತ್ತು. ಸೌಟಿನ ಸದ್ದು ಅಮ್ಮನಿಗೆ ಕೇಳಿಸಲಿಲ್ಲ, ಹಕ್ಕಿಯದ್ದು ಕೇಳಿತು. ಅಂದಿನಿಂದ ಅವರು ಲೋಕದಲ್ಲಿ ತನ್ನೊಂದಿಗೆ ಮಾತಾಡುವವರು ಈ ಐವರೇ ಎಂಬಂತೆ ಮರದ ಬುಡದಲ್ಲಿಯೇ ಕೂರುವುದಾಯಿತು. ಅದು ಎಂಥ ಹಕ್ಕಿ, ಮನೆಯಲ್ಲಿ ಇರಬಹುದೇ ಎಂಬ ಚರ್ಚೆಯೆಲ್ಲ ಅವರ ಎದುರಿಗೇ ನಡೆಯಿತು. ಒಂದಕ್ಷರವೂ ಕೇಳದ್ದರಿಂದ ಅವರಿಗೆ ಅದರಲ್ಲಿ ಆಕ್ಷೇಪಣೆ ಇರಲಿಲ್ಲ.

ಇಷ್ಟರಲ್ಲಿ ಸುದ್ದಿ ಬಸ್ಸು ಹತ್ತಿ ನೆಕ್ರಾಜೆಗೆ ಹೋಯಿತು.

ನೆಕ್ರಾಜೆಯಲ್ಲಿ ಭಟ್ಟರ ಅಣ್ಣ ಜನಾರ್ದನ ಭಟ್ಟರಿದ್ದರು. ಪಾಲಾಗುವಾಗ ಅಣ್ಣನಿಗೆ ಗದ್ದೆ ಹೋಗಿತ್ತು, ತಮ್ಮನ ಪಾಲಿಗೆ ಅಮ್ಮ ಬಂದಿದ್ದರು. ತಾನಾಗಿಯೇ ಬಂದಿದ್ದರು. ಊರವರ ಬಾಯಲ್ಲಿ, ಅಮ್ಮ ಕಿರಿಯವನಲ್ಲಿ ಯಾಕಿದ್ದಾಳೆ ಎಂಬ ಪ್ರಶ್ನೆ ಬಂದಾಗಲೆಲ್ಲ ಅಣ್ಣನಿಗೆ ಎದೆಯುರಿ. ಅಪ್ಪಯ್ಯನ ತಿಥಿಯೂ ಅಮ್ಮ ಇದ್ದಲ್ಲಿಯೇ, ಅಂದರೆ ತಮ್ಮನ ಮನೆಯಲ್ಲಿಯೇ ನಡೆಯುತ್ತಿತ್ತು. ಈಗ ತಿಥಿ ಹತ್ತಿರ ಬಂದಿತ್ತು, ಕೋಳಿಯ ಸುದ್ದಿಯೂ ಬಂದಿತ್ತು. ಅಣ್ಣ ಹೇಳಿಕಳಿಸಿದರು: ಕೋಳಿ ಸಾಕಿದ ಮನೆಯಲ್ಲಿ ಶ್ರಾದ್ಧ ನಡೆಯುವ ಹಾಗಿಲ್ಲ. ಕೋಳಿಯ ರೆಕ್ಕೆಯ ಗಾಳಿ ತಾಗಿದರೆ ಎಡೆ ಕೆಟ್ಟಿತೆಂದು ಶಾಸ್ತ್ರದಲ್ಲಿಯೇ ಉಂಟು. ಈ ಸಲ ತಿಥಿ ನೆಕ್ರಾಜೆಯಲ್ಲಿ. ಅಮ್ಮನೂ ನೆಕ್ರಾಜೆಗೆ ಬರಲಿ, ಆಮೇಲೆ ಇಲ್ಲಿಯೇ ಇರಲಿ.

ಭಟ್ಟರು ಆ ರಾತ್ರಿ ಸಾರಿನ ಬಗ್ಗೆ ಯಾವ ತಕರಾರನ್ನೂ ಎತ್ತಲಿಲ್ಲ. ಅಮ್ಮ ಈ ಮನೆಯಿಂದ ಹೋಗುವುದು ಅವರಿಗೆ ಕಲ್ಪನೆಗೂ ನಿಲುಕದ ಸಂಗತಿ. ಕೋರ್ಟಿನಲ್ಲಿ ನಡೆದದ್ದನ್ನೆಲ್ಲ ಅವರು ಪ್ರತಿದಿನ ಅಮ್ಮನ ಕಾಲಬುಡದಲ್ಲಿ ಕೂತು ಹೇಳುತ್ತಿದ್ದರು. ಅವರ ವಾದವನ್ನು ಮಧ್ಯದಲ್ಲಿ ತಡೆಯದೆ ಕೊನೆಯವರೆಗೆ ಕೂತಿರುವವರು ಕಾಸರಗೋಡಿನಲ್ಲಿ ಅಮ್ಮ ಒಬ್ಬರೇ.

ಹಕ್ಕಿಗಳನ್ನು ಕಳಿಸಿದರೆ ಅಮ್ಮ ಅನ್ನ ಬಿಡುತ್ತಾರೆ, ಇಟ್ಟರೆ ಅಣ್ಣ ಅಮ್ಮನನ್ನು ಕರೆದೊಯ್ಯುತ್ತಾನೆ. ಹಾಗಾದರೆ ಅದು ಕೋಳಿಯಲ್ಲವೆಂದು ಸಾಧಿಸುವುದೊಂದೇ ದಾರಿ. ಭಟ್ಟರು ರಜೆ ಹಾಕಿ, ಮನೆತನದ ಪುರೋಹಿತರಾದ ಅಗಲ್ಪಾಡಿಯ ಶಿವಸುಬ್ರಹ್ಮಣ್ಯ ಶಾಸ್ತ್ರಿಗಳಲ್ಲಿಗೆ ಬಸ್ಸು ಹತ್ತಿದರು.

ಶಾಸ್ತ್ರಿಗಳು ಎಲೆಯಡಿಕೆ ಹಾಕಿಕೊಂಡು ಮೆಲ್ಲಗೆ ವಿಚಾರಣೆಗೆ ತೊಡಗಿದರು.

"ಕಾಲಲ್ಲಿ ನೆಲ ಕೆರೀತದಾ?"

"ಕೆರೀತದೆ."

"ಹುಳ ತಿಂತದಾ?"

"ನವಿಲೂ ತಿಂತದೆ."

"ಹಿತ್ತಿಲು ಬಿಟ್ಟು ಹೋಗುದಿಲ್ಲ ಅಲ್ವಾ?"

"ಹೋಗುದಿಲ್ಲ," ಎಂದರು ಭಟ್ಟರು, ಎದೆಯಾಳದಿಂದ.

"ಹಾಗಾದ್ರೆ ಕುಕ್ಕುಟ."

ಭಟ್ಟರು ಎದ್ದು ನಿಂತು ಶಾಲನ್ನು ಕೋಟಿನ ಹಾಗೆ ಸರಿಪಡಿಸಿಕೊಂಡು ವಾದ ಮಂಡಿಸಿದರು. ಕುಕ್ಕುಟದ ಲಕ್ಷಣ ಬೆಳಗಾಗುವಾಗ ಕೂಗಿ ಲೋಕವನ್ನು ಎಬ್ಬಿಸುವುದು. ಇವು ಲೋಕವನ್ನು ಮಲಗಲಿಕ್ಕೇ ಬಿಡುವುದಿಲ್ಲವಾದ್ದರಿಂದ ಎಬ್ಬಿಸುವ ಪ್ರಶ್ನೆ ಹುಟ್ಟುವುದಿಲ್ಲ. ಎರಡನೆಯದಾಗಿ, ಈ ಹಕ್ಕಿ ಆಫ್ರಿಕಾದ್ದೆಂದು ಬಟ್ಲರ್ ಹೇಳಿದ್ದಾನೆ. ಶಾಸ್ತ್ರ ಬರೆದ ಋಷಿಗಳು ಆಫ್ರಿಕಾಕ್ಕೆ ಹೋದ ದಾಖಲೆ ಇಲ್ಲ. ಆದಕಾರಣ ಈ ಹಕ್ಕಿ ಶಾಸ್ತ್ರದ ಸರಹದ್ದಿನ ಹೊರಗೆ. ಶಾಸ್ತ್ರಿಗಳು ಇದನ್ನೆಲ್ಲ ಕೇಳಿ, ಸಮುದ್ರ ದಾಟಿ ಬಂದದ್ದಾದರೆ ಅದಕ್ಕೆ ಬೇರೆಯೇ ಪ್ರಾಯಶ್ಚಿತ್ತ ಉಂಟೆಂದು ಎಚ್ಚರಿಸಿದರು. ಕೊನೆಗೆ, ಅದು ಕೋಳಿ ಹೌದೆಂದೂ ನಾನು ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ, ತಿಥಿಯ ದಿನ ಅದರ ನೆರಳು ಅಂಗಳದಲ್ಲಿ ಇರಬಾರದು ಎಂದು ತೀರ್ಪಿತ್ತರು. ಜನಾರ್ದನನಿಗೆ ಸಂಶಯವಿದ್ದರೆ ಅವನೂ ಬಂದು ಕಣ್ಣಾರೆ ನೋಡಲಿ.

ತಿಥಿಯ ಹಿಂದಿನ ಸಂಜೆ ಅಮ್ಮ ಜಪಕ್ಕೆ ಕೂತ ಹೊತ್ತು ನೋಡಿ ಭಟ್ಟರು, ವಾಸಪ್ಪ ಸೇರಿ ಐದನ್ನೂ ಹಿಡಿದು ಬುಟ್ಟಿಯ ಅಡಿಗೆ ಹಾಕಿ ಪಾಗಾರದ ಆಚೆ ಸಾಗಿಸಿದರು. ಬೇಯಿಸುವುದಿಲ್ಲವೆಂದು ವಾಸಪ್ಪನಿಂದ ಹುಂಜದ ಮೇಲೆ ಆಣೆ ಹಾಕಿಸಿಕೊಂಡರು.

ಮರುದಿನ ಜನಾರ್ದನ ಭಟ್ಟರು ಬಂದರು. ಕಾಲು ತೊಳೆಯುವ ಮೊದಲೇ ಹಿತ್ತಿಲಿಗೆ ಹೋಗಿ ಜಪ್ತಿಗೆ ಬಂದ ಕೋರ್ಟಿನ ಅಮೀನರ ಹಾಗೆ ಮೂಲೆ ಮೂಲೆ ನೋಡಿದರು. ಒಂದು ಚುಕ್ಕೆಯ ಗರಿ ಸಿಕ್ಕಿತು. ಇದೆಂತ ಎಂದು ಕೇಳಿದ್ದಕ್ಕೆ ತಮ್ಮ, ನವಿಲುಗರಿ ಎಂದರು. ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕಣ್ಣು ಎಲ್ಲಿ ಉಂಟು ಎಂದರು. ಮುಚ್ಚಿದೆ ಎಂದರು ತಮ್ಮ.

ಉಳಿದದ್ದೆಲ್ಲ ಸುಸೂತ್ರವಾಗಿ ನಡೆಯಿತು. ಶಾಸ್ತ್ರಿಗಳೂ ಅವರೊಂದಿಗೆ ಬಂದ ಬ್ರಾಹ್ಮಣರೂ ಉಂಡು ಕೈತೊಳೆದರು. ಪಿಂಡಪ್ರದಾನ ಆಯಿತು. ಇನ್ನು ಉಳಿದದ್ದು ಕಾಗೆಗೆ ಇಡುವುದು. ಕಾಗೆ ಮುಟ್ಟಿದರೆ ಪಿತೃಗಳು ಸ್ವೀಕರಿಸಿದ ಲೆಕ್ಕ, ಆಮೇಲೆಯೇ ಮನೆಯವರ ಊಟ. ಭಟ್ಟರು ಒದ್ದೆಬಟ್ಟೆಯಲ್ಲಿ ಬಾಳೆಲೆಯನ್ನು ಅಂಗಳದ ಮೂಲೆಯ ಕಲ್ಲಿನ ಮೇಲಿಟ್ಟು, ನೀರು ಬಿಟ್ಟು, ಕೈತಟ್ಟಿದರು.

ಕಾಗೆ ಬರಲಿಲ್ಲ.

ಮತ್ತೆ ತಟ್ಟಿದರು. ಆಕಾಶ ನೀಲವಾಗಿ, ನಿರ್ಮಲವಾಗಿ, ಒಂದೇ ಒಂದು ಕಪ್ಪುಚುಕ್ಕೆಯಿಲ್ಲದೆ ಹರಡಿತ್ತು. ಆಗ ಸುಬ್ಬಲಕ್ಷ್ಮಿಗೆ ನೆನಪಾಯಿತು. ಈ ಹಿತ್ತಿಲಲ್ಲಿ ಕಾಗೆ ಕಾಣದೆ ವಾರಗಳೇ ಆಗಿವೆ. ಮೊರದ ಧಾನ್ಯಕ್ಕೆ ಇಳಿದ ಕಾಗೆಗಳನ್ನೆಲ್ಲ ಸೀಮೆ ನವಿಲುಗಳು ಅಟ್ಟಿಸಿಕೊಂಡು ಹೋಗಿ, ಈಗ ಆ ಜಾತಿಯೇ ಈ ಪರಿಸರವನ್ನು ತ್ಯಜಿಸಿತ್ತು. ಅವಳು ಇದನ್ನು ಗಂಡನ ಕಿವಿಯಲ್ಲಿ ಹೇಳಿದಳು. ಭಟ್ಟರು ಒದ್ದೆಬಟ್ಟೆಯಲ್ಲಿಯೂ ಬೆವರಿದರು.

"ನಿನ್ನ ಮನೆಗೆ ಕಾಗೆ ಕೂಡ ಬರುದಿಲ್ಲ," ಎಂದರು ಅಣ್ಣ ತೃಪ್ತಿಯಿಂದ. ಅಪ್ಪಯ್ಯ ಈ ಮನೆಯನ್ನು ಒಪ್ಪಲಿಲ್ಲವೆಂದು ಇದರಿಂದಲೇ ತಿಳಿಯುತ್ತದೆ, ಅಮ್ಮನ ಗಂಟು ಕಟ್ಟಿಸಿ ಎಂದು ಅವರು ಶಾಸ್ತ್ರಿಗಳ ಕಡೆ ತಿರುಗಿದರು.

ಆದರೆ ತೃಪ್ತಿಗೂ ಹೊಟ್ಟೆಗೂ ಸಂಬಂಧವಿದೆ. ಹಿಂದಿನ ದಿನ ಒಪ್ಪೊತ್ತು, ಈ ದಿನ ಬೆಳಗಿನಿಂದ ಉಪವಾಸ. ಅಡಿಗೆಮನೆಯಿಂದ ಉದ್ದಿನ ವಡೆಯ, ಸುಕ್ರುಂಡೆಯ ಪರಿಮಳ ಅಂಗಳಕ್ಕೆ ಬಂದು ಅಣ್ಣನನ್ನು ಹುಡುಕಿತು. ಬಿಸಿಲು ಪಶ್ಚಿಮಕ್ಕೆ ವಾಲುತ್ತಿದ್ದಂತೆ ಅವರ ಸ್ವರದಲ್ಲಿ ಶಾಸ್ತ್ರ ಕಡಿಮೆಯಾಗುತ್ತ ಬಂತು. ಗಟ್ಟಿಯಾಗಿ ತಟ್ಟು ಎಂದು ತಮ್ಮನಿಗೆ ಹೇಳಿದರು. ಸ್ವಲ್ಪ ಹೊತ್ತಿಗೆ ತಾನೂ ತಟ್ಟಿದರು. ಅಗಲ್ಪಾಡಿಯ ಬಸ್ಸನ್ನು ನೆನೆದು ಶಾಸ್ತ್ರಿಗಳೂ ತಟ್ಟಿದರು. ಭಜನೆಗೆ ಬಂದವರ ಹಾಗೆ ಎಲ್ಲರೂ ಆಕಾಶ ನೋಡುತ್ತ ತಾಳ ಹಾಕುತ್ತಿರುವಾಗ ಅಮ್ಮಣಿಯಮ್ಮ ಹೊರಗೆ ಬಂದರು.

ಒಂದು ಸಂಗತಿ ಯಾರಿಗೂ ಹೊಳೆದಿರಲಿಲ್ಲ. ಅಮ್ಮಣಿಯಮ್ಮ ಪ್ರತಿದಿನ ಹಕ್ಕಿಗಳಿಗೆ ಅಕ್ಕಿ ಹಾಕುವಾಗ ಕರೆಯುತ್ತಿದ್ದದ್ದು ಕೈತಟ್ಟಿ. ಬೆಳಗಿನಿಂದ ತನ್ನ ಹಕ್ಕಿಗಳು ಕಾಣದೆ ಕಂಗಾಲಾಗಿದ್ದ ಅವರು, ಮನೆಮಂದಿಯೆಲ್ಲ ಸೇರಿ ಅವನ್ನೇ ಕರೆಯುತ್ತಿದ್ದಾರೆಂದು ತಿಳಿದು ಸಂತೋಷದಿಂದ ತಮ್ಮದೇ ಲಯದಲ್ಲಿ ತಟ್ಟಿದರು.

ಇತ್ತ ವಾಸಪ್ಪ ಬೇಯಿಸುವುದಿಲ್ಲವೆಂದು ಆಣೆ ಹಾಕಿದ್ದನೇ ಹೊರತು ನೋಡುವುದಿಲ್ಲವೆಂದು ಹಾಕಿರಲಿಲ್ಲ. ಇಂಥ ಹಕ್ಕಿ ತನ್ನ ಅಂಕದ ಹುಂಜದ ಎದುರು ಎಷ್ಟು ಹೊತ್ತು ನಿಂತೀತೆಂದು ತಿಳಿಯುವ ಶಾಸ್ತ್ರೀಯ ಕುತೂಹಲದಿಂದ ಅವನು ಅದೇ ಗಳಿಗೆಯಲ್ಲಿ ಬುಟ್ಟಿ ಎತ್ತಿದ್ದ.

ಪಾಗಾರದ ಆಚೆ ಐದು ಖಾಲಿ ಕೊಡಪಾನಗಳು ಐದು ಬಾವಿಗಳಿಗೆ ಇಳಿದವು. ಮರುಕ್ಷಣ ಬೂದಿಬಣ್ಣದ ಐದು ಮೈಗಳು ಪಾಗಾರ ಹಾರಿ, ಶಾಸ್ತ್ರಿಗಳ ಜುಟ್ಟಿಗೆ ಗಾಳಿ ಹಾಕಿ, ಅಂಗಳಕ್ಕೆ ಇಳಿದವು. ಅವುಗಳಲ್ಲಿ ಒಂದು ನೇರವಾಗಿ ಬಾಳೆಲೆಗೆ ಹೋಯಿತು. ತಲೆಯನ್ನು ಒಂದು ಬದಿಗೆ ವಾಲಿಸಿ ಪಿಂಡವನ್ನು ನೋಡಿತು. ಕೊಕ್ಕಿನಿಂದ ಎಳ್ಳನ್ನು ಒಂದೊಂದಾಗಿ ಆಚೆ ಚೆಲ್ಲಿತು. ಆಮೇಲೆ ಅನ್ನವನ್ನು ತಿನ್ನತೊಡಗಿತು. ಉಳಿದ ನಾಲ್ಕೂ ಬಂದು ಸುತ್ತ ಮುತ್ತಿದವು.

ಭಟ್ಟರು ಕಣ್ಣು ಮುಚ್ಚಿ ಮನಸ್ಸಿನಲ್ಲಿಯೇ ಅಮ್ಮನ ಗಂಟು ಕಟ್ಟಿದರು.

ಮೊದಲು ಕೇಳಿದ್ದು ಪಾಗಾರದ ಮೇಲಿಂದ ವಾಸಪ್ಪನ ಸ್ವರ. ಮುಖದಲ್ಲಿ ಪರಾಭವ, ಕೈಯಲ್ಲಿ ಖಾಲಿ ಬುಟ್ಟಿ.

"ಸ್ವಾಮೀ, ಅದು ಕೋರಿ ಅಲ್ಲ. ನನ್ನ ಹುಂಜ ಅದರ ಮೋರೆ ನೋಡಿ ಹಟ್ಟಿಯ ಮಾಡು ಹತ್ತಿದ್ದು ಇಳೀಲಿಲ್ಲ. ಕೋರಿಯಾದ್ರೆ ಕೋರಿಗೆ ಗೊತ್ತಾಗ್ಲಿಕ್ಕಿಲ್ವಾ? ಅದು ಬೇರೆ ಎಂತದೋ."

ಬೇರೆ ಎಂತದೋ ಎಂಬ ಮಾತು ಅಂಗಳದಲ್ಲಿ ಹಾಗೆಯೇ ನಿಂತಿತು. ಅಮ್ಮಣಿಯಮ್ಮ ಎಲೆಯ ಹತ್ತಿರ ಬಂದು ಬಗ್ಗಿ ನೋಡಿದರು. ಚೆಲ್ಲಿದ ಎಳ್ಳನ್ನು ನೋಡಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಅವರೇ," ಎಂದರು. "ಎಳ್ಳು ಅವರಿಗೆ ಎಂದೂ ಆಗ್ತಿರಲಿಲ್ಲ. ಸ್ವರ ಕೇಳುವಾಗಲೇ ನನಗೆ ಗೊತ್ತುಂಟು. ಕೊನೇ ವರ್ಷಗಳಲ್ಲಿ ನನಗೆ ಕೇಳ್ತಿದ್ದದ್ದು ಅವರು ಬೊಬ್ಬೆ ಹಾಕುದು ಒಂದೇ ಅಲ್ವಾ."

ಈಗ ಎಲ್ಲರೂ ಜನಾರ್ದನ ಭಟ್ಟರನ್ನು ನೋಡಿದರು. ಅವರು ಒಂದು ಸಲ ಹಕ್ಕಿಯನ್ನು ನೋಡಿದರು, ಒಂದು ಸಲ ಅಡಿಗೆಮನೆಯ ಬಾಗಿಲನ್ನು ನೋಡಿದರು. ಶಾಸ್ತ್ರ ಎಡಗಡೆ, ಸುಕ್ರುಂಡೆ ಬಲಗಡೆ. ಅವರು ಬಲಕ್ಕೆ ವಾಲಿದರು.

"ಅಪ್ಪಯ್ಯ ಪಂಕ್ತಿಯಲ್ಲಿ ಯಾರನ್ನೂ ಕಾದವರಲ್ಲ," ಎಂದು ಗಂಭೀರವಾಗಿ ಹೇಳಿ ಎಲೆ ಹಾಕಲು ಒಳಗೆ ನಡೆದರು.

ಶಾಸ್ತ್ರಿಗಳು, ಪಿತೃಗಳು ಯಾವ ರೂಪದಲ್ಲಿ ಬರುತ್ತಾರೆಂದು ನಿರ್ಧರಿಸಲು ನಾವು ಯಾರು ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಬಸ್ಸಿಗೆ ಓಡಿದರು.

ಹೀಗೆ ವೆಂಕಟಕೃಷ್ಣ ಭಟ್ಟರು ವ್ಯಾಜ್ಯ ಗೆದ್ದರು. ತಿಥಿ ನಡೆಯಿತು, ಅಮ್ಮ ಉಳಿದರು. ಆ ರಾತ್ರಿ ಅವರು ನೆಮ್ಮದಿಯಿಂದ ಮಲಗಿದ್ದು, ಐವರು ಕೂಗುವವರೆಗೆ.

ಗೆಲುವಿನ ಖರ್ಚು ಮರುದಿನದಿಂದ ಕಾಣಿಸಿತು. ವರ್ಷಕ್ಕೊಮ್ಮೆ ಬರುವ ಪಿತೃಪಕ್ಷವನ್ನು ನಿಭಾಯಿಸಬಹುದು. ವರ್ಷವಿಡೀ ಅಂಗಳದಲ್ಲಿರುವ ಪಿತೃಪಕ್ಷಿಯನ್ನು ಏನು ಮಾಡುವುದು? ಎಲೆಯಲ್ಲಿ ಮೊದಲು ತಿಂದದ್ದು ಯಾವುದೆಂದು ಯಾರೂ ಗುರುತು ಮಾಡಿಟ್ಟಿರಲಿಲ್ಲ. ಐದೂ ಒಂದೇ ಅಚ್ಚು. ಆದ್ದರಿಂದ ಐದಕ್ಕೂ ಮರ್ಯಾದೆ ಸಲ್ಲಬೇಕಾಯಿತು. ಸುಬ್ಬಲಕ್ಷ್ಮಿ ಅಂಗಳದಲ್ಲಿ ಹಪ್ಪಳ ಒಣಗಿಸಿದರೆ ಅವು ಸಾಲಾಗಿ ಬಂದು ತುಳಿಯುವುವು. ಮಾವನವರನ್ನು ಹುಶ್ ಎನ್ನುವುದು ಹೇಗೆ? ಅವಳು ದೂರದಲ್ಲಿ ನಿಂತು, ಸ್ವಲ್ಪ ಆಚೆ ಆಗ್ಬಹುದಾ ಎಂದು ವಿನಂತಿಸುವಳು. ನೆಂಟರು ದರ್ಶನಕ್ಕೆ ಬರತೊಡಗಿದರು. ದೂರದ ಚಿಕ್ಕಪ್ಪನೊಬ್ಬರು ಮರದ ಬುಡದಲ್ಲಿ ಕೂತು, ಹಳೆಯ ಗದ್ದೆಯ ಗಡಿ ಎಲ್ಲಿತ್ತೆಂದು ಮಧ್ಯಾಹ್ನದವರೆಗೆ ವಿಚಾರಿಸಿದರು. ಸಂಜೆ ಭಟ್ಟರು ಕೋರ್ಟಿನಿಂದ ಬಂದು ಗೇಟು ತೆರೆದ ಕೂಡಲೇ ಮರದಿಂದ ಐದು ಬಾಯಲ್ಲಿ ಬೈಗುಳ. ಎದುರು ಮಾತಾಡುವ ಹಾಗಿಲ್ಲ. ಅಮ್ಮ ಜಗಲಿಯಿಂದ, ಯಾಕೆ ಇಷ್ಟು ತಡ ಎಂದು ಕೇಳುತ್ತಿದ್ದಾರೆ ನೋಡು ಎಂದು ಅನುವಾದಿಸುವರು.

ಇಂಥ ಹೊತ್ತಿನಲ್ಲಿ ಜನಾರ್ದನ ಭಟ್ಟರು ಮತ್ತೆ ಬಂದರು. ಕೈಯಲ್ಲಿ ಹೊಸ ಬುಟ್ಟಿ. ಹೊಟ್ಟೆ ತುಂಬಿದ ಮೇಲೆ ಅವರು ಆಲೋಚಿಸಿ ನೋಡಿದ್ದರು. ಅಪ್ಪಯ್ಯ ಮರಳಿ ಬಂದದ್ದು ಸತ್ಯವಾದರೆ ಅವರು ಇರಬೇಕಾದದ್ದು ಹಿರಿಯ ಮಗನ ಮನೆಯಲ್ಲಿ.

ವೆಂಕಟಕೃಷ್ಣ ಭಟ್ಟರಿಗೆ ಅಣ್ಣನ ಮೇಲೆ ಆ ಜನ್ಮದಲ್ಲಿ ಮೊದಲ ಬಾರಿಗೆ ಪ್ರೀತಿ ಉಕ್ಕಿತು. ಹಲಸಿನ ಮರಕ್ಕೆ ತಾವೇ ಹತ್ತಿದರು. ಮೊಣಕಾಲು ತರಚಿದ್ದೂ ತಿಳಿಯಲಿಲ್ಲ. ಐದನ್ನೂ ಇಳಿಸಿ, ಬುಟ್ಟಿಗೆ ಹಾಕಿ, ಬಾಯಿ ಕಟ್ಟಿ ತಿರುಗಿ ನೋಡಿದರೆ ಜಗಲಿಯಲ್ಲಿ ಅಮ್ಮ ನಿಂತಿದ್ದಾರೆ. ಕಂಕುಳಲ್ಲಿ ಬಟ್ಟೆಯ ಗಂಟು.

"ನಾನೂ ಹೊರಟೆ ಮಗಾ," ಎಂದರು. "ಅವರು ಇದ್ದಲ್ಲಿ ನಾನು ಅಲ್ವಾ."

ಅಣ್ಣನ ಮುಖದಲ್ಲಿ ಒಂದು ನಗು ಮೂಡಿ ಮರೆಯಾಯಿತು. ಅದನ್ನು ಕಂಡ ಭಟ್ಟರು ಕಟ್ಟಿದ ಬುಟ್ಟಿಯ ಮೇಲೆ ಕೂತುಬಿಟ್ಟರು. ಆ ಮೇಲಿನ ವಾದ ಸಂಜೆಯವರೆಗೆ ನಡೆಯಿತು. ಹಿಂದಿನ ದಿನದವರೆಗೆ ಈ ಹಕ್ಕಿಗಳು ಊರು ಬಿಟ್ಟು ಹೋಗಲೆಂದು ಹರಕೆ ಹೊತ್ತಿದ್ದ ಮನುಷ್ಯ, ಅಪ್ಪಯ್ಯ ತನ್ನ ಇಷ್ಟದಿಂದ ಆಯ್ದುಕೊಂಡ ಮನೆ ಇದು, ಈ ಹಲಸಿನ ಮರದ ಮೇಲೆ ಅವರಿಗೆ ಅನುಭೋಗದ ಹಕ್ಕು ಹುಟ್ಟಿದೆ, ಎಬ್ಬಿಸಲು ಯಾರಿಂದಲೂ ಸಾಧ್ಯವಿಲ್ಲ ಎಂದು ಕಂಬನಿ ತುಂಬಿ ವಾದಿಸಿದರು. ಅಡಿಯಿಂದ ಅಪ್ಪಯ್ಯನೂ ಜೋರಾಗಿ ವಾದಿಸುತ್ತಿದ್ದರು, ಯಾರ ಪರವಾಗಿಯೆಂದು ತಿಳಿಯಲಿಲ್ಲ. ಕೊನೆಗೆ ಅಗಲ್ಪಾಡಿಗೆ ಹೇಳಿಕಳಿಸಿ ಶಾಸ್ತ್ರಿಗಳನ್ನು ಕರೆಸಬೇಕಾಯಿತು. ಅವರು ಮರುದಿನ ಬಂದು, ಬಸ್ಸಿನ ಹೊತ್ತು ಕೇಳಿಕೊಂಡು, ಮಳೆಗಾಲ ಕಿರಿಯವನಲ್ಲಿ, ಬೇಸಗೆ ಹಿರಿಯವನಲ್ಲಿ ಎಂದು ಕಡಿದು ಹೇಳಿದರು. ಅಮ್ಮ ಜೊತೆಗೆ.

ಬೇಸಗೆ ಸುರುವಾದಾಗ ಭಟ್ಟರು ಅಮ್ಮನನ್ನೂ ಬುಟ್ಟಿಯನ್ನೂ ಕರೆದುಕೊಂಡು ನೆಕ್ರಾಜೆಯ ಬಸ್ಸಿಗೆ ನಿಂತರು. ಅದು ಇದ್ದಲಿನ ಹೊಗೆಯಲ್ಲಿ ಓಡುವ ಬಸ್ಸು, ಓಡುವುದಕ್ಕಿಂತ ಹೊಗೆಯೇ ಹೆಚ್ಚು. ಕಂಡಕ್ಟರ್ ಬುಟ್ಟಿಯನ್ನು ತಟ್ಟಿ, "ಎಂತ ಭಟ್ರೇ, ಕೋಳಿಯಾ? ಕೋಳಿ ಆದ್ರೆ ಮೇಲೆ ಹಾಕ್ಬೇಕು," ಎಂದ.

ಹೌದೆಂದರೆ ಅಪ್ಪಯ್ಯನ ತಿಥಿಯನ್ನು ಕೋಳಿ ತಿಂದ ಹಾಗಾಯಿತು. ನವಿಲೆಂದರೆ, ಮುಂದಿನ ಸೀಟಿನಲ್ಲಿ ಖಾಕಿಯಂಗಿಯ ಫಾರೆಸ್ಟ್ ಗಾರ್ಡು ಕೂತಿದ್ದಾನೆ. ಅಮ್ಮನಿಗೆ ಕಿವಿ ಕೇಳದಿದ್ದರೂ ಇತ್ತೀಚೆಗೆ ತುಟಿ ನೋಡಿ ತಿಳಿಯುವ ಅಭ್ಯಾಸವಾಗಿದೆ, ಅವರು ಮಗನ ತುಟಿಯನ್ನೇ ನೋಡುತ್ತಿದ್ದಾರೆ. ಬುಟ್ಟಿ ಮಾಡಿನ ಮೇಲೆ ಹೋಗುವುದಿಲ್ಲ, ಒಳಗೇ ಬರುತ್ತದೆ, ಒಂದು ಸೀಟಿನ ಟಿಕೆಟು ಕೊಡು ಎಂದರು ಭಟ್ಟರು. ಕಂಡಕ್ಟರ್ ಟಿಕೆಟು ಹರಿದು ಕೊಟ್ಟು, ಭಟ್ಟರ ಮುಖವನ್ನೂ ಒಮ್ಮೆ ನೋಡಿ, ಗಂಟೆ ಹೊಡೆದ. ಅಮ್ಮಣಿಯಮ್ಮ ಬುಟ್ಟಿಯನ್ನು ಕಿಟಕಿಯ ಬದಿಗೆ ಕೂರಿಸಿ, ಬಿಸಿಲು ತಾಗದಂತೆ ಸೆರಗು ಹಿಡಿದು ತಾವು ಪಕ್ಕದಲ್ಲಿ ಕೂತರು. ಮತ್ತೆ ಸೀಟಿರಲಿಲ್ಲ. ಭಟ್ಟರು ಕಂಬಿ ಹಿಡಿದು ನಿಂತರು.

ಚೆರ್ಕಳದಲ್ಲಿ ಕೋರ್ಟಿನ ಅಮೀನರು ಹತ್ತಿದರು. ಭಾರದ ದೇಹ, ಭಾರದ ಹುದ್ದೆ. ಭಟ್ಟರ ಗುರುತು ಹಿಡಿದು ನಕ್ಕು, ಆ ಬುಟ್ಟಿಯನ್ನು ಸ್ವಲ್ಪ ಕೆಳಗಿಡಿ ಮಾರಾಯ್ರೆ, ನಾನೊಬ್ಬ ಕೂರುತ್ತೇನೆ ಎಂದರು.

ಭಟ್ಟರು ಅಮ್ಮನನ್ನು ನೋಡಿದರು. ಗಂಟಲು ಸರಿಪಡಿಸಿಕೊಂಡರು.

"ಆಗುದಿಲ್ಲ. ಅಲ್ಲಿ ನಮ್ಮ ತಂದೆಯವರು ಕೂತಿದ್ದಾರೆ."

ಅಮೀನರು ಬಗ್ಗಿ ಬುಟ್ಟಿಯ ಸಂದಿಯಿಂದ ನೋಡಿದರು. ಐದು ಬೋಳುತಲೆಗಳು ಒಂದರ ಪಕ್ಕ ಒಂದು ನಿಂತು ಅವರನ್ನು ನೋಡಿದವು.

"ಇದರಲ್ಲಿ ಯಾರು?"

"ಅದು ಇನ್ನೂ ವಿಚಾರಣೆಯಲ್ಲಿ ಉಂಟು," ಎಂದರು ವೆಂಕಟಕೃಷ್ಣ ಭಟ್ಟರು.